ನಿರ್ಣಯ ದೆಹಲಿಯಲ್ಲಿ, ವಾಯಿದೆ ಕೆಜಿಎಫ್‌ನಲ್ಲಿ

ಆಂಡರ್ಸನ್‌ಪೇಟೆಯಲ್ಲಿ ಒಬ್ಬ ದಿನಗೂಲಿಯವನನ್ನು ಕೇಳಿ ನೋಡಿ, ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ ಅಂದ್ರೇನು ಅಂತ. ಗೊತ್ತಿಲ್ಲ ಅಂತಾನೆ. ವಾಯಿದೆ ಅಂದ್ರೇನು ಅಂತ ಕೇಳಿ. ತಕ್ಷಣ ಲೆಕ್ಕ ಒಪ್ಪಿಸ್ತಾನೆ. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿಯುವ ಜನ ಇವರು. ಕೋರ್ಟಿದ್ದ ದಿನ ರೈಲಿಲ್ಲ, ರೈಲಿಲ್ಲದ ದಿನ ಕೂಲಿಯಿಲ್ಲ. ಕೇಸು ಮುಂದಕ್ಕೆ ಹೋದರೆ ಇನ್ನೊಂದು ದಿನದ ಕೂಲಿಯೂ ಖೋತಾ. ಈ ಕೂಲಿಗೂ ಆ ಸಮ್ಮೇಳನಕ್ಕೂ ನೇರ ಸಂಬಂಧ ಇದೆ. ಹೇಗೆ ಅಂತ ನೋಡೋಣ.

1953ರ ನವೆಂಬರ್‌ನಲ್ಲಿ ಶುರುವಾದ ಸಮ್ಮೇಳನ ಇದು. ಭಾರತದ ಮುಖ್ಯ ನ್ಯಾಯಮೂರ್ತಿಗಳ ಅಧ್ಯಕ್ಷತೆಯಲ್ಲಿ ಹೈಕೋರ್ಟ್‌ಗಳ ಮುಖ್ಯ ನ್ಯಾಯಮೂರ್ತಿಗಳು ಸೇರ್ತಾರೆ. ಇವತ್ತು ದೇಶದಲ್ಲಿ 25 ಹೈಕೋರ್ಟ್‌ಗಳಿವೆ. ಅಲ್ಲಿ ಯಾವ ಕೇಸೂ ನಡೆಯಲ್ಲ. ಖಾಲಿ ಹುದ್ದೆ, ಕಟ್ಟಡ, ಕಂಪ್ಯೂಟರ್, ಬಾಕಿ ಪ್ರಕರಣ, ಇವೇ ಚರ್ಚೆಯ ವಿಷಯ. ಸಂವಿಧಾನದ 235ನೇ ವಿಧಿಯ ಪ್ರಕಾರ ಕೆಳಗಿನ ನ್ಯಾಯಾಲಯಗಳ ಆಡಳಿತ ನಿಯಂತ್ರಣ ಹೈಕೋರ್ಟಿನದು. ಕೆಜಿಎಫ್, ಬಂಗಾರಪೇಟೆ ಕೋರ್ಟ್‌ಗಳೂ ಅದರಡಿಯೇ ಬರುತ್ತವೆ. ಹಾಗಾಗಿ ಮೇಲೆ ಕೂತು ಮಾಡಿದ ತೀರ್ಮಾನ ತಾಲೂಕಿನ ತನಕ ಇಳಿಯಬೇಕು.

ಇಳಿದ ಉದಾಹರಣೆ ಇದೆ. 2015ರ ಏಪ್ರಿಲ್ ಸಮ್ಮೇಳನದ ನಿರ್ಣಯದಂತೆ ಐದು ವರ್ಷ ದಾಟಿದ ಪ್ರಕರಣಗಳನ್ನು ಮುಗಿಸಲು ಹೈಕೋರ್ಟ್‌ಗಳಲ್ಲಿ ಬಾಕಿ ಪ್ರಕರಣಗಳ ಸಮಿತಿಗಳು ಬಂದವು. ಅದೇ ವರ್ಷ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್ ಜನರಿಗೆ ತೆರೆಯಿತು. ಕೋಲಾರ ಜಿಲ್ಲೆಯಲ್ಲಿ ಎಷ್ಟು ಕೇಸು ಬಾಕಿ, ಎಷ್ಟು ವರ್ಷದಿಂದ ಬಾಕಿ ಅಂತ ಇವತ್ತು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ತೊಡಕು ಎಲ್ಲಿ? ಮೊದಲನೆಯದು ದುಡ್ಡು. ಸಮ್ಮೇಳನದ ನಿರ್ಣಯ ಕಾನೂನಲ್ಲ. ಹುದ್ದೆಗೂ ಕಟ್ಟಡಕ್ಕೂ ಸರ್ಕಾರ ಹಣ ಕೊಡಬೇಕು. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಅಂತ ಕಾನೂನು ಆಯೋಗ ಹೇಳಿದ್ದು 1987ರಲ್ಲಿ. 2016ರಲ್ಲಿ ಮುಖ್ಯಮಂತ್ರಿಗಳ ಜೊತೆಗಿನ ಜಂಟಿ ಸಮ್ಮೇಳನದಲ್ಲಿ, ಪ್ರಧಾನಿ ಎದುರೇ, ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಇದೇ ಕೊರತೆಯನ್ನು ಹೇಳ್ತಾ ಗದ್ಗದಿತರಾದರು. 2022ರಲ್ಲಿ ಎನ್.ವಿ. ರಮಣ ಅವರು ನ್ಯಾಯಾಂಗದ ಕಟ್ಟಡ, ಸೌಲಭ್ಯಗಳಿಗೆ ರಾಷ್ಟ್ರೀಯ ಪ್ರಾಧಿಕಾರ ಬೇಕು ಅಂದರು. ಒಮ್ಮತ ಬರಲಿಲ್ಲ; ರಾಜ್ಯ ಮಟ್ಟದ ಸಂಸ್ಥೆಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ಎರಡನೆಯ ತೊಡಕು ನನ್ನ ಪ್ರಕಾರ ಇನ್ನೂ ದೊಡ್ಡದು. ಎಂಜಿನಿಯರಿಂಗ್‌ನಲ್ಲಿ ಒಂದು ಸರಳ ಪಾಠ ಇದೆ. ಯಂತ್ರಕ್ಕೆ ಆಜ್ಞೆ ಕೊಟ್ಟರೆ ಸಾಲದು, ಅದು ಏನು ಮಾಡಿತು ಅನ್ನೋ ಮಾಹಿತಿ ವಾಪಸ್ ಬರಬೇಕು. ಬಾರದಿದ್ದರೆ ನಿಯಂತ್ರಣವೇ ಇಲ್ಲ. 38ನೇ ಸಮ್ಮೇಳನ ನಡೆದದ್ದು 2016ರಲ್ಲಿ, 39ನೆಯದು 2022ರಲ್ಲಿ. ನಡುವೆ ಆರು ವರ್ಷ! ಹಿಂದಿನ ನಿರ್ಣಯ ಏನಾಯ್ತು ಅಂತ ಅಷ್ಟು ದಿನ ಒಟ್ಟಿಗೆ ಕೂತು ಲೆಕ್ಕ ಕೇಳಿದವರು ಯಾರು? ಅಮೆರಿಕದಲ್ಲಿ ರಾಜ್ಯಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನ 1949ರಲ್ಲಿ ಹುಟ್ಟಿತು. 1971ರಲ್ಲಿ ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರ ಬಂತು. ಸಭೆ ಮುಗಿದರೂ ಅಂಕಿಅಂಶ, ಅಧ್ಯಯನ, ತರಬೇತಿಯ ಕೆಲಸ ಅಲ್ಲಿ ನಿಲ್ಲುವುದಿಲ್ಲ. ನಮ್ಮ ಸಮ್ಮೇಳನದ ಬೆನ್ನಿಗೂ ಅಂಥ ಕಾಯಂ ಕಚೇರಿ ಬೇಕು.

ವಿಳಂಬದ ಬೆಲೆ ಏನು ಅಂತ ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಿಲ್ಲ. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅದರ ಜಾಗತಿಕ ಟೆಂಡರ್ ವಿಚಾರ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಗುವಾಗ 2013. ಅಷ್ಟರಲ್ಲಿ ಕಾರ್ಮಿಕರ ಮಕ್ಕಳು ದೊಡ್ಡವರಾಗಿ ರೈಲು ಹತ್ತಿದ್ದರು.

ಕರ್ನಾಟಕ ದೆಹಲಿಗಾಗಿ ಕಾಯಬೇಕಿಲ್ಲ. ಪ್ರಕರಣಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಇಂತಿಷ್ಟು ಕಾಲದಲ್ಲಿ ಮುಗಿಸಬೇಕು ಅನ್ನುವ ನಿಯಮಗಳು 2005ರಲ್ಲೇ ಇಲ್ಲಿ ಬಂದಿವೆ. ಸಮ್ಮೇಳನ ಏನು ಹೇಳಿತು, ನಿಯಮ ಏನು ಹೇಳುತ್ತೆ, ನಮ್ಮ ತಾಲೂಕಿನಲ್ಲಿ ಎಷ್ಟು ಆಯ್ತು ಅನ್ನೋದನ್ನು ಪ್ರತಿ ವರ್ಷ ಒಂದೇ ಹಾಳೆಯಲ್ಲಿ ಬರೆದು ಕೋರ್ಟಿನ ನೋಟಿಸ್ ಬೋರ್ಡಿಗೆ ಅಂಟಿಸಲಿ. ಕೂಲಿ ಬಿಟ್ಟು ಬಂದವನಿಗೆ ಓದಲು ಅಷ್ಟಾದರೂ ಇರಲಿ.