ಬಾಂದುಕಲ್ಲು ಮತ್ತು ಗಣಕಯಂತ್ರದ ನಕ್ಷೆ

ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ತಾಲೂಕುಗಳ ಭೂಧಾರಕರು ಅರಿತಿರಬೇಕಾದ ಸಂಗತಿಗಳು

ಹೊಲದ ಮೇರೆಯ ವಿಷಯದಲ್ಲಿ ಒಕ್ಕಲಿಗನು ವಹಿಸುವಷ್ಟು ಎಚ್ಚರವನ್ನು ಬೇರಾವ ವಿಷಯದಲ್ಲಿಯೂ ವಹಿಸುವದಿಲ್ಲ. ನೆರೆಯವನ ನೇಗಿಲು ಬದುವನ್ನು ಒಂದು ಗೇಣಿನಷ್ಟು ಸವೆಯಿಸಿದರೂ ಅದು ಅವನ ಕಣ್ಣಿಗೆ ಬೀಳದೆ ಇರದು. ಆದರೆ ಈಗ ಪ್ರತಿಯೊಂದು ಹೊಲಕ್ಕೂ ಎರಡು ಮೇರೆಗಳು ಉಂಟಾಗಿವೆ. ಒಂದು, ನೆಲದ ಮೇಲಿನ ಬದು ಮತ್ತು ಬಾಂದುಕಲ್ಲು. ಇನ್ನೊಂದು, ಗಣಕಯಂತ್ರದೊಳಗೆ ಅಂಕಿಗಳ ರೂಪದಲ್ಲಿ ಇರಿಸಿರುವ ಮೇರೆ. ಮೊದಲನೆಯದನ್ನು ಹಗಲಿರುಳು ಕಾಯುವ ಭೂಧಾರಕನು ಎರಡನೆಯದನ್ನು ಒಮ್ಮೆಯೂ ಕಣ್ಣಿನಿಂದ ನೋಡದೆ ಇರುವದು ಸಾಮಾನ್ಯವಾಗಿದೆ. ಬೆಳೆ ಸಮೀಕ್ಷೆ, ಬೆಳೆವಿಮೆ, ಬೆಳೆಹಾನಿಯ ಪರಿಹಾರ ಮೊದಲಾದ ಕಾರ್ಯಗಳಲ್ಲಿ ಈ ಎರಡನೆಯ ಮೇರೆಯ ಉಪಯೋಗವು ದಿನೇ ದಿನೇ ಹೆಚ್ಚುತ್ತಿರುವದರಿಂದ, ಅದು ಹೇಗೆ ಉಂಟಾಗುತ್ತದೆ, ಎಲ್ಲಿ ತಪ್ಪುತ್ತದೆ, ತಪ್ಪಿದಲ್ಲಿ ಮಾಡತಕ್ಕದ್ದೇನು ಎಂಬುದನ್ನು ಊರಿನ ಹಿರಿಯರು ತಿಳಿದಿರುವದು ಅವಶ್ಯವಾಗಿದೆ.

ಸರಪಳಿಯ ಮೋಜಣಿ

ಈ ಮೂರು ತಾಲೂಕುಗಳು ಹಿಂದೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಆದುದರಿಂದ ಇಲ್ಲಿಯ ಹೊಲಗಳ ಮೂಲ ಅಳತೆಯು ಮುಂಬಯಿ ಪದ್ಧತಿಯದಾಗಿದೆ. ಈ ಪದ್ಧತಿಯು 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ ಆರಂಭವಾಗಿ, ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಸ್ಥಿರಪಟ್ಟವು. ಅಳತೆಯ ಸಾಧನವು 33 ಅಡಿಯ ಸರಪಳಿ. ಅದಕ್ಕೆ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಗುಂಟೆ, ಅಂದರೆ 1,089 ಚದರ ಅಡಿ. ಇಂಥ 40 ಗುಂಟೆಗಳಿಗೆ ಒಂದು ಎಕರೆ.

ಗ್ರಾಮದ ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಅಂಗುಲವು ನೆಲದ ಮೇಲಿನ 660 ಅಡಿಗೆ, ಅಂದರೆ 20 ಸರಪಳಿಗೆ ಸಮನಾಗಿರುತ್ತದೆ. ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 20 ಸರಪಳಿ ಉದ್ದ, 9 ಸರಪಳಿ ಅಗಲದ ಒಂದು ಹೊಲವಿದೆಯೆಂದು ಭಾವಿಸಬೇಕು. ಅದರ ವಿಸ್ತೀರ್ಣವು 180 ಗುಂಟೆ, ಅಂದರೆ 4 ಎಕರೆ 20 ಗುಂಟೆ. ಈ ಹೊಲದ ಚಿತ್ರವು ನಕ್ಷೆಯ ಮೇಲೆ ಅಡ್ಡಲಾಗಿ ಒಂದು ಅಂಗುಲದ ಇಪ್ಪತ್ತನೆಯ ಒಂದು ಪಾಲಿನಷ್ಟು ಸರಿದರೆ, ಅದು ಕಣ್ಣಿಗೆ ಹೆಚ್ಚಾಗಿ ತೋರದು. ಆದರೆ ನೆಲದ ಮೇಲೆ ಅದು ಒಂದು ಪೂರ್ಣ ಸರಪಳಿಯಾಗುತ್ತದೆ; 20 ಸರಪಳಿ ಉದ್ದಕ್ಕೆ ಒಂದು ಸರಪಳಿ ಅಗಲದ ಪಟ್ಟಿ, ಅಂದರೆ ನೇರವಾಗಿ 20 ಗುಂಟೆ ನೆಲ, ನೆರೆಯವನ ನಂಬರಿನಲ್ಲಿ ಸೇರಿದಂತಾಗುತ್ತದೆ. ಹಳೆಯ ಕಾಗದವು ತೇವಕ್ಕೆ ಹಿಗ್ಗುವದು, ಒಣಹವೆಗೆ ಕುಗ್ಗುವದು, ಮಡಿಕೆಯಲ್ಲಿ ಹರಿಯುವದು. ಇಂಥ ಕಾಗದದಿಂದಲೇ ಗಣಕಯಂತ್ರಕ್ಕೆ ನಕ್ಷೆಯನ್ನು ಇಳಿಸಿಕೊಂಡಲ್ಲಿ ಕಾಗದದ ದೋಷವು ಯಂತ್ರದೊಳಕ್ಕೂ ಇಳಿಯುತ್ತದೆ.

ಸ್ಥಳದ ಕೋಶವೆಂದರೇನು

ಹಿಂದೆ ಉತಾರದ ದಫ್ತರ ಬೇರೆ, ನಕ್ಷೆಯ ಕಪಾಟು ಬೇರೆಯಾಗಿದ್ದವು. 2000ದಲ್ಲಿ ಆರಂಭವಾದ ಭೂಮಿ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಬಂದವು. ಆದರೆ ಪಹಣಿಯು ಹೊಲದ ಒಡೆಯನಾರು, ವಿಸ್ತೀರ್ಣವೆಷ್ಟು ಎಂಬುದನ್ನು ಹೇಳುವದೇ ಹೊರತು ಹೊಲದ ಆಕಾರವನ್ನು ತೋರಿಸುವದಿಲ್ಲ. ಪಹಣಿಯ ಸಾಲನ್ನೂ ನಕ್ಷೆಯ ಆಕಾರವನ್ನೂ ಒಂದೇ ಕಡೆ ಕೂಡಿಸಿಟ್ಟ ಭಂಡಾರಕ್ಕೆ ಸ್ಥಳದ ದತ್ತಾಂಶ ಕೋಶವೆಂದು ಹೆಸರು. ಅದರಲ್ಲಿ ಬಾವಿಯು ಒಂದು ಬಿಂದುವಾಗಿಯೂ, ಕಾಲುವೆ ಹಾಗೂ ಬಂಡಿದಾರಿಗಳು ರೇಖೆಗಳಾಗಿಯೂ, ಹೊಲ ಹಾಗೂ ಕೆರೆಗಳು ಸುತ್ತುಮೇರೆಯುಳ್ಳ ಕ್ಷೇತ್ರಗಳಾಗಿಯೂ ಇರುತ್ತವೆ. ಪ್ರತಿಯೊಂದು ಮೂಲೆಯನ್ನು ಅಕ್ಷಾಂಶ, ರೇಖಾಂಶಗಳ ಅಂಕಿಗಳಿಂದ ಗುರುತಿಸಲಾಗುತ್ತದೆ.

ಇಂಥ ಕೋಶಗಳಲ್ಲಿ ಜಗತ್ತಿನಲ್ಲೆಲ್ಲ ಬಹಳ ಬಳಕೆಯಲ್ಲಿರುವದು ಪೋಸ್ಟ್‌ಗ್ರೆಸ್ ಮತ್ತು ಅದರ ಜೊತೆಗಾರನಾದ ಪೋಸ್ಟ್‌ಜಿಐಎಸ್. ಮೊದಲನೆಯದರ ಕೆಲಸವು ಅಮೇರಿಕೆಯ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಎಂಬ ಪಂಡಿತರ ನೇತೃತ್ವದಲ್ಲಿ 1986ರಲ್ಲಿ ಆರಂಭವಾಯಿತು. ಎರಡನೆಯದು ಕೆನಡಾ ದೇಶದಲ್ಲಿ 2001ರಲ್ಲಿ ಹೊರಬಂದಿತು. ಕೋಶದೊಳಗಿನ ನಕ್ಷೆಯನ್ನು ಪರದೆಯ ಮೇಲೆ ನೋಡಲು ಕ್ಯೂಜಿಐಎಸ್ ಎಂಬ ಇನ್ನೊಂದು ತಂತ್ರಾಂಶವು 2002ರಿಂದ ಬೆಳೆದುಬಂದಿದೆ. ಇವು ಮೂರೂ ತೆರೆದ ಮೂಲದ ತಂತ್ರಾಂಶಗಳು.

ತೆರೆದ ಮೂಲವೆಂದರೇನೆಂಬುದನ್ನು ಬ್ಯಾಡಗಿಯ ಮೆಣಸಿನಕಾಯಿಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ನಾಟಿ ತಳಿಯ ಬೀಜವನ್ನು ಒಕ್ಕಲಿಗನು ತನ್ನ ಹೊಲದಲ್ಲಿಯೇ ಆರಿಸಿಕೊಂಡು ಮುಂದಿನ ವರ್ಷ ಬಿತ್ತುತ್ತಾನೆ, ನೆರೆಯವನಿಗೂ ಕೊಡುತ್ತಾನೆ, ಒಳ್ಳೆಯ ಗಿಡಗಳನ್ನು ಆರಿಸುತ್ತ ತಳಿಯನ್ನು ಸುಧಾರಿಸುತ್ತಾನೆ. ಸಂಕರ ಬೀಜವನ್ನಾದರೋ ಪ್ರತಿವರ್ಷ ಕೊಳ್ಳಲೇಬೇಕು. ತೆರೆದ ಮೂಲದ ತಂತ್ರಾಂಶವು ನಾಟಿ ಬೀಜದಂತೆ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಅದರ ಒಳಗಿನ ರಚನೆಯನ್ನು ಯಾರಾದರೂ ಓದಿ ಪರೀಕ್ಷಿಸಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದ ಒಂದು ಗ್ರಾಮ ಪಂಚಾಯತಿಯಾಗಲಿ, ಸಹಕಾರಿ ಸಂಘವಾಗಲಿ, ಸಾಧಾರಣ ಗಣಕಯಂತ್ರವೊಂದಿದ್ದರೆ ತನ್ನ ಊರಿನ ಬಾವಿ, ಕೆರೆ, ದಾರಿ, ಒಡ್ಡುಗಳ ಕೋಶವನ್ನು ಖರ್ಚಿಲ್ಲದೆ ಮಾಡಿಕೊಳ್ಳಬಹುದಾಗಿದೆ. ಆದರೆ ತಂತ್ರಾಂಶವು ತೆರೆದದ್ದೆಂದ ಮಾತ್ರಕ್ಕೆ ಅದರೊಳಗಿನ ಮಾಹಿತಿಯೆಲ್ಲವೂ ತೆರೆದದ್ದೆಂದು ತಿಳಿಯಬಾರದು. ಭೂಧಾರಕರ ಖಾಸಗಿ ವಿವರಗಳನ್ನು ಕಂಡವರಿಗೆಲ್ಲ ಹಂಚುವದು ಸಲ್ಲದು.

ಕೋಶವು ಹೊಲವನ್ನು ಹುಡುಕುವ ಬಗೆ

ಕಾಗದದ ನಕ್ಷೆಯಿಂದ ಸುಲಭವಾಗಿ ದೊರೆಯದ ಉತ್ತರಗಳನ್ನು ಕೋಶವು ಕ್ಷಣಮಾತ್ರದಲ್ಲಿ ಕೊಡುತ್ತದೆ. ಈ ಚಿತ್ರವನ್ನು ತೆಗೆದ ಬಿಂದುವು ಯಾವ ಸರ್ವೇ ನಂಬರಿನೊಳಗೆ ಇದೆ? ವರದಾ ನದಿಯ ನೆರೆಯ ನೀರು ನಿಂತ ಕ್ಷೇತ್ರದಲ್ಲಿ ಯಾವ ಯಾವ ಹೊಲಗಳು, ಎಷ್ಟೆಷ್ಟು ಗುಂಟೆ ಸೇರಿವೆ? ಕಾಲುವೆಯಿಂದ 300 ಅಡಿಯೊಳಗೆ ಇರುವ ಬಾವಿಗಳೆಷ್ಟು? ಇವೆಲ್ಲವೂ ಕೋಶಕ್ಕೆ ಕೇಳಬಹುದಾದ ಪ್ರಶ್ನೆಗಳು.

ಇಷ್ಟು ಬೇಗ ಉತ್ತರ ಬರುವ ಮರ್ಮವು ಸರಳವಾಗಿದೆ. ಹೊಲದ ಮೇರೆಯು ಎಷ್ಟೇ ಡೊಂಕಾಗಿರಲಿ, ಕೋಶವು ಅದರ ಸುತ್ತ ಒಂದು ನೆಟ್ಟನೆಯ ಚೌಕಟ್ಟನ್ನು ಹಾಕಿಕೊಳ್ಳುತ್ತದೆ. ನೆರೆಹೊರೆಯ ಚೌಕಟ್ಟುಗಳನ್ನು ಕೂಡಿಸಿ ದೊಡ್ಡ ಚೌಕಟ್ಟು, ಅಂಥವುಗಳನ್ನು ಕೂಡಿಸಿ ಇನ್ನೂ ದೊಡ್ಡದು, ಹೀಗೆ ಕಟ್ಟುತ್ತದೆ. ಬಿಂದುವೊಂದನ್ನು ಹುಡುಕುವಾಗ, ಮೊದಲು ತಾಲೂಕು, ಆಮೇಲೆ ಹೋಬಳಿ, ಆಮೇಲೆ ಊರು ಎಂದು ವಿಚಾರಿಸುತ್ತ ಹೋಗುವ ಪರಸ್ಥಳದವನಂತೆ, ದೊಡ್ಡ ಚೌಕಟ್ಟಿನಿಂದ ಸಣ್ಣದಕ್ಕೆ ಇಳಿಯುತ್ತದೆ. ಕೊನೆಗೆ ಉಳಿದ ನಾಲ್ಕೆಂಟು ಹೊಲಗಳ ನಿಜವಾದ ಮೇರೆಗಳನ್ನು ಮಾತ್ರ ಸೂಕ್ಷ್ಮವಾಗಿ ಪರೀಕ್ಷಿಸುತ್ತದೆ. ಈ ಯುಕ್ತಿಯನ್ನು 1984ರಲ್ಲಿ ಆಂಟೊನಿನ್ ಗಟ್‌ಮನ್ ಎಂಬವರು ಪ್ರಕಟಿಸಿದರು.

ತಪ್ಪುಗಳು ಹುಟ್ಟುವ ರೀತಿ

ಬಿತ್ತಿದ್ದನ್ನೇ ಬೆಳೆಯಬೇಕು. ಕೋಶವು ತನಗೆ ಕೊಟ್ಟ ಅಂಕಿಗಳನ್ನು ನಂಬುತ್ತದೆ; ಹೊಲಕ್ಕೆ ಹೋಗಿ ನೋಡುವದಿಲ್ಲ. ಮುಖ್ಯವಾದ ತಪ್ಪುಗಳು ಇವು.

ಒಂದನೆಯದು, ಅಂಕಿಗಳ ಅದಲುಬದಲು. ಹಾವೇರಿಯು ಸುಮಾರು 14.8 ಉತ್ತರ ಅಕ್ಷಾಂಶ, 75.4 ಪೂರ್ವ ರೇಖಾಂಶದಲ್ಲಿದೆ. ಜನರು ಅಕ್ಷಾಂಶವನ್ನು ಮೊದಲು ಹೇಳುವ ರೂಢಿ; ಪೋಸ್ಟ್‌ಜಿಐಎಸ್ ರೇಖಾಂಶವನ್ನು ಮೊದಲು ಕೇಳುತ್ತದೆ. ರೂಢಿಯಂತೆ ಬರೆದುಬಿಟ್ಟರೆ ಹಾವೇರಿಯ ಹೊಲವು ನಾರ್ವೆ ದೇಶಕ್ಕೂ ಉತ್ತರದ ಶೀತಸಮುದ್ರದಲ್ಲಿ ಹೋಗಿ ಬೀಳುತ್ತದೆ.

ಎರಡನೆಯದು, ದಶಾಂಶಗಳನ್ನು ಕಡಿತಗೊಳಿಸುವದು. ಅಕ್ಷಾಂಶದ ಒಂದು ಅಂಶವು ಸುಮಾರು 110 ಕಿಲೋಮೀಟರ್. ಎರಡೇ ದಶಾಂಶ ಸ್ಥಾನ ಬರೆದರೆ ಕೊನೆಯ ಅಂಕಿಯ ಒಂದು ಎಣಿಕೆಯು ಒಂದು ಕಿಲೋಮೀಟರಿಗೂ ಮಿಕ್ಕಿದ್ದು. ನಾಲ್ಕು ಸ್ಥಾನ ಬರೆದರೂ ಸುಮಾರು 36 ಅಡಿ, ಅಂದರೆ ಒಂದು ಸರಪಳಿಗಿಂತ ತುಸು ಹೆಚ್ಚು. ಹೊಲದ ಮೂಲೆಗೆ ಕನಿಷ್ಠ ಆರು ಸ್ಥಾನಗಳಾದರೂ ಇರತಕ್ಕದ್ದು.

ಮೂರನೆಯದು, ಭೂಗೋಲದ ಅಳತೆಯ ಭೇದ. ಭಾರತದ ಹಳೆಯ ನಕ್ಷೆಗಳು 1830ರಲ್ಲಿ ಎವರೆಸ್ಟ್ ಸಾಹೇಬರು ಗಣಿಸಿದ ಭೂಗೋಲದ ಆಕಾರವನ್ನು ಅನುಸರಿಸಿವೆ. ಉಪಗ್ರಹಗಳು 1984ರ ಬೇರೊಂದು ಗಣಿತವನ್ನು ಅನುಸರಿಸುತ್ತವೆ. ಇವೆರಡನ್ನೂ ಪರಿವರ್ತಿಸದೆ ಬೆರಸಿದರೆ ಇಡೀ ಊರೇ ಕೆಲವು ನೂರು ಅಡಿಗಳಷ್ಟು ಸರಿಯುತ್ತದೆ. ವಿಸ್ತೀರ್ಣವನ್ನು ಅಂಶಗಳಲ್ಲಿ ಲೆಕ್ಕಿಸದೆ, ಈ ಭಾಗಕ್ಕೆ ಸಲ್ಲುವ 43ನೆಯ ಉತ್ತರ ವಲಯದ ಮೀಟರು ಲೆಕ್ಕಕ್ಕೆ ತಂದುಕೊಂಡು ಎಣಿಸಬೇಕು.

ನಾಲ್ಕನೆಯದು, ಮೂಲೆಗಳ ಕ್ರಮ ತಪ್ಪುವದು. ನಾಲ್ಕು ಮೂಲೆಗಳನ್ನು ಸುತ್ತುಕ್ರಮದಲ್ಲಿ ಬರೆಯದೆ ಹಿಂದುಮುಂದಾಗಿ ಬರೆದರೆ ಹೊಲವು ಡಮರುವಿನ ಆಕಾರ ತಾಳುತ್ತದೆ; ಎರಡು ಪಾಲುಗಳು ಒಂದನ್ನೊಂದು ಕಳೆದು ವಿಸ್ತೀರ್ಣವು ಸೊನ್ನೆಯೇ ಬರಬಹುದು. ಇಂಥ ಆಕಾರಗಳನ್ನೂ, ಒಂದರ ಮೇಲೊಂದು ಏರಿದ ಮೇರೆಗಳನ್ನೂ ಹುಡುಕಿ ತೋರಿಸುವ ಸೌಕರ್ಯವು ಕೋಶದಲ್ಲಿಯೇ ಇದೆ. ಆದರೆ ಏರಿದ ಎರಡು ಮೇರೆಗಳಲ್ಲಿ ಯಾವುದು ನಿಜವೆಂಬುದನ್ನು ಕೋಶವು ಹೇಳಲಾರದು. ಅದನ್ನು ಬಾಂದುಕಲ್ಲು ಹೇಳಬೇಕು.

ಬೆಳೆ ಸಮೀಕ್ಷೆಯಲ್ಲಿ ಇದರ ಪರಿಣಾಮ

2020ರ ಮುಂಗಾರಿನಿಂದ ರೈತನು ತನ್ನ ಬೆಳೆಯ ವಿವರವನ್ನೂ ಚಿತ್ರವನ್ನೂ ಮೊಬೈಲ್ ಫೋನಿನಿಂದ ತಾನೇ ದಾಖಲಿಸುವ ವ್ಯವಸ್ಥೆಯು ರಾಜ್ಯದಲ್ಲಿ ಬಂದಿದೆ. ಬಯಲಿನಲ್ಲಿಯೂ ಸಾಧಾರಣ ಫೋನು ಸ್ಥಳವನ್ನು ಹೇಳುವಾಗ ಸುಮಾರು 5 ಮೀಟರಿನಷ್ಟು, ಅಂದರೆ 16 ಅಡಿಯಷ್ಟು ತಪ್ಪಬಹುದು. ಅದರ ಮೇಲೆ ನಕ್ಷೆಯೇ ಒಂದು ಸರಪಳಿ ಸರಿದಿದ್ದರೆ, ಬದುವಿನ ಹತ್ತಿರ ನಿಂತು ತೆಗೆದ ಮೆಣಸಿನಗಿಡದ ಚಿತ್ರವು ನೆರೆಯವನ ಗೋವಿನಜೋಳದ ನಂಬರಿನಲ್ಲಿ ಹೋಗಿ ಕೂಡಬಹುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ತುಂಬಿದ ಬೆಳೆಯನ್ನು ಸಮೀಕ್ಷೆಯ ಬೆಳೆಯೊಡನೆ ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದಲ್ಲಿ, ಮಳೆ ಹೋಗಿ ಬೆಳೆ ಒಣಗಿದ ವರ್ಷ, ಹಣವು ಅತ್ಯಂತ ಅವಶ್ಯವಾದಾಗಲೇ, ಅರ್ಜಿಯು ತಿರಸ್ಕೃತವಾಗುವ ಸಂಭವವುಂಟು. ಇಂಥ ಒಕ್ಕಲಿಗನು ಬಿತ್ತಿದ್ದೂ ನಿಜ, ಕಂತು ತುಂಬಿದ್ದೂ ನಿಜ. ತಪ್ಪಿದ್ದು ಅಂಕಿಯಲ್ಲಿಯ ಮೇರೆ ಮಾತ್ರ.

ಇನ್ನೊಂದು ತೊಡಕು ಪೋಡಿಯಾಗದ ಜಮೀನುಗಳದು. ಅಣ್ಣತಮ್ಮಂದಿರು ಪಾಲಾಗಿ ಪಹಣಿಯಲ್ಲಿ ನಾಲ್ಕು ಹೆಸರು ಸೇರಿದರೂ ನಕ್ಷೆಯಲ್ಲಿ ಹೊಲವು ಒಂದೇ ಆಗಿರುತ್ತದೆ. ಆಗ ಯಾರ ಪಾಲಿನಲ್ಲಿ ಹತ್ತಿ, ಯಾರ ಪಾಲಿನಲ್ಲಿ ಶೇಂಗಾ ಎಂಬುದನ್ನು ಯಾವ ಕೋಶವೂ ಬೇರ್ಪಡಿಸಿ ಹೇಳಲಾರದು. ಕಾಲುವೆಗೋ ರಸ್ತೆಗೋ ಭೂಮಿ ಹೋದ ಹೊಲಗಳಲ್ಲಿಯೂ, ನಕ್ಷೆಯ ತಿದ್ದುಪಡಿಯಾಗದಿದ್ದರೆ, ಇದೇ ಗೊಂದಲವು ಉಂಟಾಗುತ್ತದೆ.

ಊರಿನ ಹಿರಿಯರು ಮಾಡತಕ್ಕ ಕಾರ್ಯಗಳು

1. ಮುಂಗಾರಿಗೆ ಮುಂಚೆ, ಹೊಲಗಳು ತೆರವಾಗಿರುವಾಗ, ಬಾಂದುಕಲ್ಲುಗಳನ್ನು ನೋಡಿಕೊಳ್ಳತಕ್ಕದ್ದು. ಬಿದ್ದ ಅಥವಾ ಕಾಣೆಯಾದ ಕಲ್ಲನ್ನು ಯಾರೂ ತಮ್ಮಷ್ಟಕ್ಕೆ ನೆಡಬಾರದು. ಹದ್ದುಬಸ್ತಿಗಾಗಿ ಅರ್ಜಿ ಕೊಟ್ಟು, ಭೂಮಾಪಕರಿಂದ ನೆರೆಯವರ ಸಮಕ್ಷಮದಲ್ಲಿ ಗುರುತು ಮಾಡಿಸಬೇಕು.

2. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಎಂಬ ಸಾಧನವನ್ನು ಫೋನಿನಲ್ಲಿ ತೆರೆದು, ಹೊಲದ ನಡುವೆಯೂ ನಾಲ್ಕು ಮೂಲೆಗಳಲ್ಲಿಯೂ ನಿಂತು, ಅದು ತೋರಿಸುವ ಸರ್ವೇ ನಂಬರನ್ನು ಉತಾರದೊಡನೆ ತಾಳೆ ನೋಡಬೇಕು. ಇದು ಪರೀಕ್ಷೆಗೆ ಮಾತ್ರ. ಫೋನಿನ ಗೆರೆಯನ್ನು ನಂಬಿ ಬದುವನ್ನು ಕಿತ್ತು ವ್ಯಾಜ್ಯಕ್ಕೆ ಇಳಿಯುವದು ಅವಿವೇಕವು.

3. ಪಾಲಾದ ಜಮೀನುಗಳಿಗೆ ಪೋಡಿ ಮಾಡಿಸಿಕೊಳ್ಳುವದನ್ನು ಮುಂದೂಡಬಾರದು.

4. ಸಮೀಕ್ಷೆಯ ಚಿತ್ರವನ್ನು ಬದುವಿನಿಂದ ಕನಿಷ್ಠ ಎರಡು ಸರಪಳಿ ಒಳಗೆ ನಿಂತು ತೆಗೆಯಬೇಕು. ಹೊಲವು ಕಿರಿದಾಗಿದ್ದರೆ ನಟ್ಟನಡುವೆ ನಿಲ್ಲಬೇಕು. ದಾಖಲಾದ ಬೆಳೆಯನ್ನು ಬೆಳೆ ದರ್ಶಕದಲ್ಲಿ ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬೇಕು.

5. ಆಣೆಕಲ್ಲು ಮಳೆಯಿಂದಲೋ ನೀರು ನಿಂತೋ ಹಾನಿಯಾದಲ್ಲಿ 72 ತಾಸಿನೊಳಗೆ ಸರ್ವೇ ನಂಬರು ಸಹಿತವಾಗಿ ವರದಿ ಮಾಡಬೇಕು.

6. ಊರಿನಲ್ಲಿ ಗಣಕಯಂತ್ರ ಬಲ್ಲ ಒಬ್ಬಿಬ್ಬರು ತರುಣರು ಕ್ಯೂಜಿಐಎಸ್ ಕಲಿಯುವಂತೆ ಪ್ರೋತ್ಸಾಹಿಸಬೇಕು. ಬಾವಿ, ಕೆರೆಯ ಅಂಗಳ, ಬಂಡಿದಾರಿಗಳ ನಕ್ಷೆಯಿಂದ ಆರಂಭಿಸಿದರೆ ಕೆಲಸವೂ ಆಗುವದು, ಜಗಳವೂ ಬಾರದು. ಬೆಳೆಯ ಸಂಬಂಧದ ಸಲಹೆಗೆ ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಗೌಡ, ಕುಲಕರ್ಣಿಗಳ ವತನವು 1961ರ ಕಾಯಿದೆಯಿಂದ ರದ್ದಾಯಿತು. ಆದರೂ ಯಾವ ಕಲ್ಲು ಎಲ್ಲಿತ್ತು, ಯಾವ ಹಳ್ಳವು ಎಂದು ದಿಕ್ಕು ಬದಲಿಸಿತು ಎಂಬ ನೆನಪು ಊರಿನ ಹಿರಿಯರಲ್ಲಿಯೇ ಉಳಿದಿದೆ. ಆ ಹಿರಿಯರು ಕಾಲವಾಗುವ ಮೊದಲು ಅವರನ್ನು ಹೊಲದ ಮೇರೆಯ ಮೇಲೆ ಕರೆದೊಯ್ದು, ಅವರು ತೋರಿಸಿದ ಕಲ್ಲುಗಳನ್ನು ಭೂಮಾಪಕರ ಸಮಕ್ಷಮದಲ್ಲಿ ದಾಖಲಿಸಿಕೊಂಡ ಗ್ರಾಮದಲ್ಲಿ ಗಣಕಯಂತ್ರದ ಮೇರೆಯೂ ಬದುವಿನ ಮೇರೆಯೂ ಒಂದೇ ಆಗುವವು. ಈ ಬೇಸಿಗೆಯಲ್ಲಿಯೇ ಆ ಕೆಲಸಕ್ಕೆ ಕೈಹಚ್ಚುವದು ಉಚಿತವಾಗಿದೆ.