ಅಂಗಣ ಮತ್ತು ಅಧ್ಯಯನ

2023ರ ಆಗಸ್ಟ್ 30ರಂದು ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಮಹಿಳಾ ವಾಲಿಬಾಲ್ ಪಂದ್ಯವನ್ನು ನೋಡಲು 92,003 ಜನ ನೆರೆದಿದ್ದರು. ಈ ವೈಭವದ ಬೇರು 1972ರ ಶಾಸನವೊಂದರಲ್ಲಿದೆ. ಕೇಂದ್ರ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳು ಹೆಣ್ಣು ಗಂಡೆಂಬ ಭೇದವೆಣಿಸಬಾರದೆಂದು ಅದು ವಿಧಿಸಿತು. ಕ್ರಮೇಣ ಆಟಗಾರ್ತಿಯರಿಗೂ ವಿದ್ಯಾರ್ಥಿವೇತನ, ನುರಿತ ತರಬೇತುದಾರರು, ಸುಸಜ್ಜಿತ ಅಂಗಣ ದೊರೆತವು. ಪ್ರೇಕ್ಷಕರ ಟಿಕೆಟ್ಟಿನ ಹಣವೂ ಕೂಡಿತು. ನೆಬ್ರಾಸ್ಕ ತಂಡವನ್ನು 1977ರಿಂದ ಟೆರಿ ಪೆಟಿಟ್, 2000ದಿಂದ ಜಾನ್ ಕುಕ್ ದೀರ್ಘಕಾಲ ತಿದ್ದಿ ಬೆಳೆಸಿದರು. 2025ರಲ್ಲಿ ಆ ಹೊಣೆ, ಹಿಂದೆ ಅದೇ ತಂಡದಲ್ಲಿ ಆಡಿದ್ದ ಡ್ಯಾನಿ ಬಸ್‌ಬೂಮ್ ಕೆಲ್ಲಿಯವರ ಹೆಗಲೇರಿತು. ಆದರೆ ಹಣವಾಗಲಿ ಗೆಲುವಾಗಲಿ ಓದಿಗೆ ಬದಲಾಗದು. ವ್ಯಾಸಂಗದಲ್ಲಿ ನಿಗದಿತ ಪ್ರಗತಿ ತೋರದವಳಿಗೆ ಪಂದ್ಯವಾಡುವ ಅರ್ಹತೆಯೇ ಇಲ್ಲ. ಆಡುವ ಕಾಲ ಕೆಲವೇ ವರ್ಷ. ವಿದ್ಯೆಯಾದರೋ ಬಾಳಿನುದ್ದಕ್ಕೂ ಜೊತೆಗಿರುತ್ತದೆ.