ಆಷಾಢದ ಗಾಳಿ, ಚೈತ್ರದ ಬಿಸಿಲು

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ ಸೋಲಾರ್ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವಾಟ್. ರಾತ್ರಿ ಎಂಟಕ್ಕೆ ಅದರಿಂದ ಒಂದು ಬಲ್ಬೂ ಉರಿಯದು. ಆಷಾಢದ ಮೋಡ ಕವಿದರಂತೂ ಹಗಲಲ್ಲೂ ಸೊರಗುತ್ತದೆ. ಅದೇ ಆಷಾಢದಲ್ಲಿ ನೆರೆಯ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿಗೆ ಪುರುಸೊತ್ತಿಲ್ಲ.

ಇದೇನೂ ಕಾಕತಾಳೀಯವಲ್ಲ. ಬೇಸಿಗೆಯಲ್ಲಿ ಕಾದ ನೆಲ ಅರಬ್ಬೀ ಸಮುದ್ರದ ಗಾಳಿಯನ್ನು ಸೆಳೆಯುತ್ತದೆ. ಬಿಸಿಲಿಗೆ ಅಡ್ಡ ಬರುವ ಮೋಡವನ್ನು ಹೊತ್ತು ತರುವುದೂ ಆ ಮುಂಗಾರೇ, ರೆಕ್ಕೆ ತಿರುಗಿಸುವುದೂ ಅದೇ. ಗಾಳಿಯ ವೇಗ ಇಮ್ಮಡಿಯಾದರೆ ಅದರಿಂದ ಸಿಗಬಹುದಾದ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ ವರ್ಷದ ಪವನ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಬಿಡುತ್ತದೆ. ಸೌರ ಫಲಕಗಳ ಸುಗ್ಗಿ ಶಿವರಾತ್ರಿಯಿಂದ ಯುಗಾದಿಯ ಆಸುಪಾಸಿನವರೆಗೆ. (ಸುಡುಬಿಸಿಲು ಅವಕ್ಕೆ ಒಗ್ಗದು, ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಉತ್ಪಾದನೆ ಶೇ 0.3–0.4ರಷ್ಟು ಇಳಿಯುತ್ತದೆ.)

ಹಗಲು–ರಾತ್ರಿಯ ಲೆಕ್ಕ ಇನ್ನೂ ಸ್ವಾರಸ್ಯಕರ. ಹಗಲು ಕಾದ ನೆಲದಿಂದ ಗಾಳಿ ಮೇಲೆದ್ದು ಕದಡುತ್ತದೆ. ನೆಲದ ಘರ್ಷಣೆ ಮೇಲಿನ ಗಾಳಿಯನ್ನೂ ಹಿಡಿದು ಜಗ್ಗುತ್ತದೆ. ಸಂಜೆ ನೆಲ ತಣ್ಣಗಾದರೆ ಈ ಹಿಡಿತ ಸಡಿಲ. ಅಂಗಳದಲ್ಲಿ ಎಲೆಯೂ ಅಲುಗದ ರಾತ್ರಿಯಲ್ಲಿ ನೂರು ಮೀಟರ್ ಎತ್ತರದ ಗಾಳಿ ಬಿರುಸಾಗಿರುವುದುಂಟು.

ಈ ಜೋಡಿಯ ದೊಡ್ಡ ಲಾಭ ಇರುವುದು ತಂತಿಯಲ್ಲಿ ಎಂಬುದು ನನ್ನ ಅನಿಸಿಕೆ. ಬರೀ ಸೌರ ಘಟಕಕ್ಕಾಗಿ ಎಳೆದ ಪ್ರಸರಣ ಮಾರ್ಗ ಇರುಳೆಲ್ಲ ಖಾಲಿ. ಅದಕ್ಕೇ ಗಾಳಿಯಂತ್ರಗಳನ್ನೂ ಜೋಡಿಸಿದರೆ ಅದೇ ಖರ್ಚಿನ ತಂತಿ ಹೆಚ್ಚು ಹೊತ್ತು ದುಡಿಯುತ್ತದೆ. ಕೇಂದ್ರ ಸರ್ಕಾರದ 2018ರ ಪವನ–ಸೌರ ಹೈಬ್ರಿಡ್ ನೀತಿಯ ಹಿಂದಿನ ತರ್ಕವೂ ಇದೇ.

ಹಾಗೆಂದು ಇಬ್ಬರನ್ನೇ ನಂಬಿ ಕೂರುವಂತಿಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ಮುಂಗಾರಿನ ಗಾಳಿ ಅಡಗಿರುತ್ತದೆ, ಹಿಂಗಾರಿನ ಮೋಡ ಬಂದಿರುತ್ತದೆ. ಆಗ ಸಂಜೆ ಮನೆಮನೆಯಲ್ಲಿ ದೀಪ ಹೊತ್ತುವ ವೇಳೆಗೆ ಎರಡೂ ಕೈಕೊಡಬಹುದು. ಅಲ್ಲಿ ಬೇಕಾದವಳು ಶರಾವತಿ. 1,035 ಮೆಗಾವಾಟ್‌ನ ಆ ಜಲವಿದ್ಯುದಾಗಾರದ ಟರ್ಬೈನುಗಳನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದು. ಆಷಾಢದಲ್ಲಿ ಗಾಳಿ ಕೊಟ್ಟ ಒಂದೊಂದು ಯೂನಿಟ್ಟಿಗೂ ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಅಷ್ಟು ನೀರು ಉಳಿಯುತ್ತದೆ, ಬೇಸಿಗೆಯ ಸಂಜೆಗಳಿಗೆ ಒದಗುತ್ತದೆ.

ಉತ್ಪಾದನೆಯನ್ನು ಬೇಡಿಕೆಗೆ ಹೊಂದಿಸುವುದಷ್ಟೇ ದಾರಿಯಲ್ಲ, ಬೇಡಿಕೆಯನ್ನೂ ಸರಿಸಬಹುದು. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ತ್ರೀ ಫೇಸ್ ಕರೆಂಟು ಈಗ ಹಲವೆಡೆ ಹಗಲಿಗೆ ಬಂದಿದೆ. ಹಾವು–ಚೇಳಿನ ಭಯದಲ್ಲಿ ಟಾರ್ಚ್ ಹಿಡಿದು ಬಾವಿಗೆ ಹೋಗುವುದು ಅಲ್ಲಿನ ರೈತರಿಗೆ ತಪ್ಪಿದೆ.